ಹನ್ನೆರಡು ಮನೆಯ ಎತ್ತು

ಪೂರಿಗಾಲಿಯ ದಲ್ಲಾಳಿ ದೊಡ್ಡಸಿದ್ದಯ್ಯನ ಮುತ್ತಜ್ಜ ಹಿರೀಜವರಯ್ಯ ಏಳಲಾರದ ಎತ್ತನ್ನು ಮಲಗಿದ್ದಂತೆಯೇ ಮಾರಿದವನು. "ಮೆಲುಕು ಆಕೋ ಎತ್ತ ಎಬ್ಬುಸ್ಬಾರ್ದು ಕಣಪ್ಪ, ಕೊಂಡೋನ ಮನೆ ಬರ್ಕತ್ತು ಓಯ್ತದೆ" ಎಂದು ಅವನು ಹೇಳಿದ ಮಾತಿಗೆ ತಲೆಯಾಡಿಸಿದ ಗಿರಾಕಿ, ಎತ್ತು ತಾನಾಗಿಯೇ ಏಳಲಿ ಎಂದು ಸಂತೆಮಾಳದಲ್ಲೇ ಕೂತು ತಂದಿದ್ದ ಬುತ್ತಿಯೆಲ್ಲ ಖಾಲಿ ಮಾಡಿದನಂತೆ. ಅಜ್ಜ ಬೋರಯ್ಯ ಕುಂಟೆತ್ತನ್ನು ಶಿಂಷಾ ಹೊಳೆಯಲ್ಲಿ ಮೊಣಕಾಲುದ್ದ ನೀರಿಗೆ ಇಳಿಸಿ ನಿಲ್ಲಿಸಿ, ತಾನು ದಡದ ಮೇಲೆ ವ್ಯಾಪಾರ ಮುಗಿಸಿದವನು. ಅಪ್ಪ ಪುಟ್ಟಸ್ವಾಮಿಯದು ಇನ್ನೂ ನಯವಾದ ಕೈ. ಎತ್ತಿನ ಹಗ್ಗ ಕೈ ಬದಲಾಗುವಾಗ ಅವನು ಮಗಳನ್ನು ಧಾರೆ ಎರೆದು ಕೊಟ್ಟವನಂತೆ ಗೊಳೋ ಎಂದು ಅಳುತ್ತಿದ್ದ. ಆ ಕಣ್ಣೀರು ನೋಡಿ ಕೊಂಡವನೂ ಅಳುತ್ತಿದ್ದ. ಊರಿಗೆ ಹೋಗಿ ಆ ಎತ್ತಿಗೆ ನೇಗಿಲು ಕಟ್ಟಿದ ಮೇಲೆ ಇನ್ನೊಂದು ಸಲ ಅಳುತ್ತಿದ್ದ.

ಇಂಥ ಮನೆತನದಲ್ಲಿ ಹುಟ್ಟಿದ ದೊಡ್ಡಸಿದ್ದಯ್ಯನಿಗೆ ಆಸ್ತಿಯಾಗಿ ಬಂದದ್ದು ಕಾಲುವೆ ನೀರು ಕಾಣದ ಒಂದಿಷ್ಟು ಹೊಲ, ಒಂದು ಒಳ್ಳೆಯ ಗಂಟಲು, ಮತ್ತು ಮನೆಯವರೆಲ್ಲ ನಡೆಸಿಕೊಂಡು ಬಂದ ಒಂದು ಕಟ್ಟಳೆ. ಎತ್ತನ್ನು ಕಟ್ಟಿ ಸಾಕಿದವನು ಅದರ ಐಬನ್ನು, ಅಂದರೆ ಊನವನ್ನು, ತನ್ನ ಬಾಯಿಂದ ಹೇಳಬಾರದು. ಕೊಳ್ಳುವವನಿಗೆ ಕಣ್ಣಿದ್ದರೆ ಕಂಡುಕೊಳ್ಳಲಿ. ಹೆಂಡತಿ ಕೇಳಿದರೂ, ದನದ ಡಾಕ್ಟರು ಕೇಳಿದರೂ ಅವನು ಹೇಳುತ್ತಿರಲಿಲ್ಲ. ಒಮ್ಮೆ ಎತ್ತಿಗೆ ಕಾಲುಬಾಯಿ ರೋಗ ಬಂದಾಗ ಮಳವಳ್ಳಿಯ ಡಾಕ್ಟರು "ಏನಾಗಿದೆ?" ಎಂದದ್ದಕ್ಕೆ, "ಏನೂ ಆಗಿಲ್ಲ ಸಾಮಿ, ಅದ್ರ ನಡಿಗೆ ನಿಮ್ಗೂ ಒಂದ್ಕಿತ ತೋರುಸ್ಮಾ ಅಂತ ಇಡ್ಕಬಂದೆ" ಎಂದು ಹೇಳಿದನಂತೆ.

ಎತ್ತನ್ನು ಹೊಗಳುವುದರಲ್ಲಿ ಮಾತ್ರ ಅವನ ಸಮಕ್ಕೆ ನಿಲ್ಲುವವರು ಮೂರು ತಾಲ್ಲೂಕಿನಲ್ಲಿ ಇರಲಿಲ್ಲ. ಅದೇ ಊರಿನವನಾದ ನಾನು ಮೂರನೆಯ ತರಗತಿಗೆ ಶಾಲೆ ಬಿಟ್ಟು, ಬೆಲ್ಲ ಸುತ್ತಿ ಬಂದ ಕಾಗದವನ್ನು ಬಿಡಿಸಿ ಓದಿಕೊಂಡು ಅಕ್ಷರ ಕಲಿತವನು. ಭಾಷಣಗಳನ್ನೂ ಬೇಕಾದಷ್ಟು ಕೇಳಿದ್ದೇನೆ. ಮಂಡ್ಯದ ಮೈದಾನದಲ್ಲಿ ಮೈಕು ಹಿಡಿದು ಮಾತಾಡಿದ ಯಾರೂ ದೊಡ್ಡಸಿದ್ದಯ್ಯ ಒಂದು ಗೊರಸಿನ ಬಗ್ಗೆ ಮಾತಾಡಿದಷ್ಟು ಹೊತ್ತು ಜನರನ್ನು ಬಿಸಿಲಲ್ಲಿ ನಿಲ್ಲಿಸಿದ್ದನ್ನು ನಾನು ಕಂಡಿಲ್ಲ.

ಅವನ ಸ್ವಂತ ಜೋಡಿ ಬೈರ ಮತ್ತು ಮಲ್ಲ. ಮಲ್ಲ ಪರವಾಗಿಲ್ಲ. ಬೈರನ ಸಂಗತಿಯನ್ನು ನಾನು ಹೇಳಬಹುದು, ನಾನು ಸಾಕಿದವನಲ್ಲ. ಅದರ ಎಡಗಣ್ಣಿಗೆ ಹೂ ಬಿದ್ದು ಬೆಳ್ಳಗಾಗಿತ್ತು. ಬಾಲದ ಕುಚ್ಚು ಇರಲಿಲ್ಲ. ಹಿಂದಿನ ಒಂದು ಕಾಲನ್ನು ಎಳೆದು ಇಡುತ್ತಿತ್ತು. ಬೆನ್ನ ಮೇಲೆ, ಸಾಕಿದವನನ್ನೇ ಬಲಿ ತೆಗೆದುಕೊಳ್ಳುತ್ತದೆಂದು ಕಂಡವರು ಕಣ್ಣು ತಿರುಗಿಸುವಂಥ ಕೆಟ್ಟ ಸುಳಿಯಿತ್ತು. ಹಲ್ಲು ಸವೆದು ಹುಲ್ಲು ಅಗಿಯುವುದಕ್ಕಿಂತ ನೆನೆಸಿ ನುಂಗುವುದೇ ಹೆಚ್ಚು. ನೊಗದ ಬಲಗಡೆಗೆ ಬೈರನನ್ನು ಕಟ್ಟಿ ಎಡಕ್ಕೆ ಮಲ್ಲನನ್ನು ಕಟ್ಟಿದರೆ, ಕಾಣದ ಕಣ್ಣಿನ ಕಡೆಯ ಹಾದಿಯನ್ನೆಲ್ಲ ಮಲ್ಲನೇ ನೋಡಿಕೊಳ್ಳುತ್ತಿತ್ತು. ಮಲ್ಲನಿಗೂ ಬೈರ ಪಕ್ಕದಲ್ಲಿ ಇಲ್ಲದಿದ್ದರೆ ಹೆಜ್ಜೆ ಎತ್ತುವ ಅಭ್ಯಾಸವಿರಲಿಲ್ಲ. ಬೇರೆ ಎತ್ತನ್ನು ಕಟ್ಟಿ ನೋಡಿದಾಗಲೆಲ್ಲ ಅದು ನೊಗ ಕೊಡವಿ ಮಲಗಿಬಿಡುತ್ತಿತ್ತು.

ದೇಶದಲ್ಲಿ ತುರ್ತು ಪರಿಸ್ಥಿತಿ ಇದ್ದ ಕಾಲ ಅದು. ಕಚೇರಿಗಳಲ್ಲಿ ಗೋಡೆ ಗಡಿಯಾರಗಳೇ ಹೆದರಿ ಸರಿಯಾಗಿ ನಡೆಯುತ್ತಿದ್ದವು. ಕಂಕುಳಲ್ಲಿ ಕಾಗದದ ಕಟ್ಟು ಇಟ್ಟುಕೊಂಡು ಪ್ಯಾಂಟು ಹಾಕಿದವನು ಊರ ಬಾಗಿಲಿಗೆ ಬಂದರೆ, ಮಕ್ಕಳಾಗದ ಆಪರೇಷನ್ನಿಗೆ ಹೆಸರು ಬರೆಯಲು ಬಂದ ಎಂದು ಗಂಡಸರು ಕಬ್ಬಿನ ಗದ್ದೆಗೆ ಬೀಳುತ್ತಿದ್ದರು. ವೆಂಕಟೇಶಮೂರ್ತಿ ಎಂಬ ಅಧಿಕಾರಿ ಪೂರಿಗಾಲಿಗೆ ಬಂದ ದಿನವೂ ಹಾಗೆಯೇ ಆಯಿತು. ತಾನು ಬಂದದ್ದು ಎತ್ತುಗಳ ಹೆಸರು ಬರೆಯಲು ಎಂದು ಅವರು ಕೂಗಿ ಹೇಳಿದ ಮೇಲೆ ಜನ ಗದ್ದೆಯಿಂದ ಎದ್ದು ಬಂದರು. ಎತ್ತುಗಳು ಓಡಿರಲಿಲ್ಲ. ಅವುಗಳಿಗೆ ಆ ಆಪರೇಷನ್ನು ಯಾವತ್ತೋ ಆಗಿಹೋಗಿತ್ತು.

ವೆಂಕಟೇಶಮೂರ್ತಿ ಮಂಡ್ಯ ಪೇಟೆಯವರು. ಕಚೇರಿ ಕೆಲಸ ಮಾಡಿಕೊಂಡು ತಣ್ಣಗಿದ್ದ ಮನುಷ್ಯ ಬೆಂಗಳೂರಿಗೆ ತರಬೇತಿಗೆ ಹೋಗಿ, ಅಲ್ಲಿ ಒಂದು ಗಣಕಯಂತ್ರವನ್ನು ಗಾಜಿನ ಆಚೆಯಿಂದ ನೋಡಿಬಂದಿದ್ದರು. ಅಂದಿನಿಂದ ಅವರ ಕಣ್ಣಿಗೆ ಲೋಕದಲ್ಲಿ ಯಾವ ವಸ್ತುವೂ ಇಡಿಯಾಗಿ ಕಾಣುತ್ತಿರಲಿಲ್ಲ. ಹೆಂಡತಿ ಪಂಕಜಮ್ಮ ಕಾಫಿ ತಂದಿಟ್ಟರೆ 'ಬಿಸಿ, ಸಿಹಿ, ಲೋಟ, ಅರ್ಧ' ಎಂದು ಬಿಡಿಸಿ ನೋಡುವಷ್ಟು ಮುಂದೆ ಹೋಗಿದ್ದರೆಂದು ಅವರ ಜವಾನನೇ ಹೇಳುತ್ತಿದ್ದ.

ಅರಳಿಕಟ್ಟೆಯ ಮೇಲೆ ಕೂತು ಅವರು ನಮಗೆಲ್ಲ ತಿಳಿಸಿ ಹೇಳಿದರು. "ನೋಡ್ರಪ್ಪಾ, ಆ ಯಂತ್ರಕ್ಕೆ ಕಣ್ಣಿಲ್ಲ. ಎತ್ತು ಅಂದ್ರೆ ಅದಕ್ಕೆ ಗೊತ್ತಾಗೋದಿಲ್ಲ. ನಾವು ಎತ್ತಿನಲ್ಲಿರೋ ಗುಣಗಳನ್ನ ಒಂದೊಂದಾಗಿ ಹೊರಗೆ ತೆಗೀಬೇಕು, ತೆಗೆದು ಸಾಲಾಗಿ ಇಡಬೇಕು. ಕಾರ್ಡಿನಲ್ಲಿ ಹನ್ನೆರಡು ಮನೆ. ಒಂದೊಂದು ಮನೇಲಿ ಒಂದೊಂದು ಗುಣ. ಏಳನೇ ಮನೆ ಹಲ್ಲು ಅಂದ್ರೆ ಎಲ್ಲಾ ಎತ್ತಿಗೂ ಏಳನೇ ಮನೆ ಹಲ್ಲೇ. ಇಷ್ಟು ಮಾಡಿಬಿಟ್ರೆ ಆಮೇಲೆ ಎತ್ತೇ ಬೇಕಾಗಿಲ್ಲ, ಪಟ್ಟಿ ಸಾಕು."

"ಎತ್ತು ಬ್ಯಾಡ್ವಾ? ಪಟ್ಟಿ ಕಟ್ಕಂಡು ಉಳೋದಾ ಸಾಮಿ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಕೆಲಸದ ಮಾತು ಬೇರೆ. ಉಳೋದು, ಎಳೆಯೋದು, ಹಾಯೋದು, ಇವೆಲ್ಲ ಕ್ರಿಯೆ. ಕ್ರಿಯೆ ಗುಣ ಅಲ್ಲ. ಪಟ್ಟಿಯಲ್ಲಿ ಕ್ರಿಯೆಗೆ ಮನೆ ಇಲ್ಲ."

ದೊಡ್ಡಸಿದ್ದಯ್ಯನಿಗೆ ಇದು ತನ್ನ ಕಸುಬಿಗೇ ಕೈ ಹಾಕಿದಂತೆ ಕಂಡಿತು. ಎತ್ತಿನ ಗುಣ ಹೇಳುವುದಕ್ಕೆ ಬೆಂಗಳೂರಿಗೆ ಹೋಗಿಬರಬೇಕೇ? ಅವನು ಟವಲು ಕೊಡವಿ ಎದ್ದ. ಬೈರನನ್ನು ಕಟ್ಟೆಯ ಮುಂದೆ ತಂದು ನಿಲ್ಲಿಸಿದ. ಕುರುಡುಗಣ್ಣು ಪಕ್ಕದಲ್ಲಿದ್ದ ತನ್ನ ಕೊಟ್ಟಿಗೆಯ ಗೋಡೆಯ ಕಡೆಗೂ ಒಳ್ಳೆಯ ಕಣ್ಣು ಜನರ ಕಡೆಗೂ ಬರುವಂತೆ ನಿಲ್ಲಿಸಿದ್ದು ರಕ್ತದಲ್ಲೇ ಬಂದ ವಿದ್ಯೆ. ಸುತ್ತ ಅರ್ಧ ಊರು ನಿಂತಿತ್ತು. ಪಕ್ಕದ ಹಳ್ಳಿಯಿಂದ ಬಂದ ಇಬ್ಬರು ಗಿರಾಕಿಗಳೂ ಇದ್ದರು. ಮಾಲೀಕನ ಹೆಸರು, ಊರು, ತಾಲ್ಲೂಕು ಎಂದು ಮೊದಲ ಮೂರು ಮನೆ ತುಂಬಿದ ಮೇಲೆ ಅಧಿಕಾರಿ ಎತ್ತಿಗೆ ಬಂದರು.

"ಎತ್ತಿನ ಹೆಸರು?"

"ಬೈರ. ಇದ್ರಪ್ಪ ಆ ಬೀಜದ ಗೂಳಿ, ಅದ್ರ ತಾತ..."

"ಅಪ್ಪ ತಾತನಿಗೆ ಮನೆ ಇಲ್ಲ. ಬಣ್ಣ?"

"ಬೂದು ಬಿಳುಪು. ಸಂಜೆ ಒತ್ನಲ್ಲಿ ಒಂದಿಷ್ಟು ಬೆಳ್ಳಿ ಕಳೆ ಬತ್ತದೆ."

"ಬೂದು. ಕೊಂಬು?"

"ಕೊಂಬ ಒಂದೇ ಮಾತ್ನಲ್ಲಿ ಎಂಗ್ ಸಾಮಿ ಏಳೋದು? ಬುಡದಲ್ಲಿ ಒಂತರ, ನಡೂಕೆ ಒಂತರ, ತುದೀಲಿ..."

"ಕೊಂಬಿಗೆ ಒಂದೇ ಮನೆ."

"ಅಂಗಾರೆ ಚೆಂದದ್ದು ಅಂತ ಬರ್ಕಳಿ."

"ಹಲ್ಲು?"

ಇಲ್ಲಿ ದೊಡ್ಡಸಿದ್ದಯ್ಯ ಒಂದು ಕ್ಷಣವೂ ತಡೆಯಲಿಲ್ಲ. "ನಾಕು" ಎಂದ. ನಾಲ್ಕು ಹಲ್ಲಿನ ಎತ್ತು ಎಂದರೆ ಈಗಷ್ಟೇ ಮೀಸೆ ಚಿಗುರಿದ ಹುಡುಗನಿದ್ದಂತೆ. ಬೈರ ಆ ವಯಸ್ಸನ್ನು ದಾಟಿ, ಒಂದು ಮದುವೆ ನಡೆದು ಕೂಸು ಹುಟ್ಟಿ ಬೆಳೆದು ಶಾಲೆಗೆ ಸೇರುವಷ್ಟು ಕಾಲವಾಗಿತ್ತು.

"ಕಣ್ಣು?"

"ಎರಡೂ ನಕ್ಸತ್ರ."

ಬಾಲ ನೆಲ ಮುಟ್ಟುತ್ತದೆ, ಕಾಲು ಕಂಚಿನ ಕಂಬ, ಸುಳಿ ರಾಜಸುಳಿ ಎಂದು ಒಂದೊಂದೇ ಮನೆ ತುಂಬಿತು. ವೆಂಕಟೇಶಮೂರ್ತಿ ತಲೆ ಎತ್ತಲಿಲ್ಲ. ಎತ್ತಿದ್ದರೆ ಎದುರಿಗೇ ನಿಂತಿದ್ದ ಬೈರನನ್ನು ಕಂಡುಬಿಡುತ್ತಿದ್ದರು. ಆದರೆ ತರಬೇತಿಯಲ್ಲಿ ಅವರಿಗೆ ಮಾಲೀಕನ ಬಾಯಿಂದ ಕೇಳಿ ಬರೆಯಲು ಹೇಳಿದ್ದರು, ಎತ್ತನ್ನು ನೋಡಲು ಹೇಳಿರಲಿಲ್ಲ.

"ಕೊನೇ ಮನೆ. ಐಬು?"

"ಏನ್ ಸಾಮಿ ಇಂಗ್ ಕೇಳ್ತೀರಿ? ಎತ್ತಿಗೆ ಕೇಳುಸ್ಕಂಡ್ರೆ ಬ್ಯಾಸ್ರ ಮಾಡ್ಕತದೆ. ಐಬು ಇಲ್ಲ."

ಕೊಟ್ಟಿಗೆ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಹೊಂಬಾಳಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ದೊಡ್ಡಸಿದ್ದಯ್ಯ ಹೆಬ್ಬೆಟ್ಟು ಒತ್ತಿದ. ಬೈರನ ಮೂಗಿಗೂ ಒಂದು ಮುತ್ತು ಕೊಟ್ಟ. ಪಟ್ಟಿ ಬೆಂಗಳೂರಿಗೆ ಹೋಯಿತು. ಅದರ ನಕಲು, ಮೂರು ತಾಲ್ಲೂಕಿನ ಪಟ್ಟಿಗಳ ಜೊತೆಗೆ, ಮದ್ದೂರಿನ ದೊಡ್ಡಿಯಲ್ಲಿ, ಅಂದರೆ ಬಿಡಾಡಿ ದನಗಳನ್ನು ಹಿಡಿದು ಕೂಡಿಹಾಕುವ ಆವರಣದಲ್ಲಿ, ಬೀರುವಿನೊಳಗೆ ಕೂತಿತು.

ಮುಂದಿನ ಮುಂಗಾರಿಗೆ ಹೊಂಬಾಳಮ್ಮನ ತವರು ನಿಡಘಟ್ಟದಲ್ಲಿ ಅವಳ ತಮ್ಮನ ಮಗಳು ಮೈನೆರೆದ ಒಸಗೆಯಿತ್ತು. ಗಂಡ ಹೆಂಡಿರು ಗಾಡಿ ಕಟ್ಟಿಕೊಂಡು ಹೊರಟರು. ಸಂತೆ ಕೆಲಸವಿದ್ದ ನಾನೂ ಅದೇ ಗಾಡಿ ಹತ್ತಿದೆ. ಒಸಗೆ ಊಟ ಮುಗಿಯಿತು. ಬೆಳಿಗ್ಗೆ ಎದ್ದು ನೋಡಿದರೆ ಗೊಂತಿನಲ್ಲಿ ಮಲ್ಲ ಒಂದೇ ನಿಂತಿದೆ. ಬೈರ ಹಗ್ಗ ಕಳಚಿಕೊಂಡು ಪಕ್ಕದ ಕಬ್ಬಿನ ಗದ್ದೆಗೆ ನುಗ್ಗಿತ್ತು. ಹಲ್ಲು ಸವೆದಿದ್ದರೂ ಎಳೆ ಸುಳಿಯ ರುಚಿ ಮರೆತಿರಲಿಲ್ಲ. ಗದ್ದೆಯವನು ಹಿಡಿದು ಮದ್ದೂರಿನ ದೊಡ್ಡಿಗೆ ಹೊಡೆಸಿಬಿಟ್ಟಿದ್ದ.

"ಓಗ್ಲಿ ಬುಡು, ದೊಡ್ಡಿ ಚಿಕ್ಕಣ್ಣ ನಮ್ಮೋನೇ" ಎಂದು ದೊಡ್ಡಸಿದ್ದಯ್ಯ ಧೈರ್ಯವಾಗಿಯೇ ಹೊರಟ. ಊರಲ್ಲಿ ಮೊದಲ ಮಳೆ ಬಿದ್ದು ಹೊಲ ಹದವಾಗಿ ಕಾದಿತ್ತು. ಬೈರ ಬರದೆ ಮಲ್ಲ ನೊಗಕ್ಕೆ ಕತ್ತು ಕೊಡುವುದಿಲ್ಲ, ನೊಗವಿಲ್ಲದೆ ಬಿತ್ತನೆ ಇಲ್ಲ. ನಾವು ಮೂವರೂ ಬಸ್ಸು ಹಿಡಿದು ಮದ್ದೂರಿನಲ್ಲಿ ಇಳಿದೆವು.

ಅವತ್ತು ಸಂತೆ. ದೊಡ್ಡಿಯ ಮುಂದೆ ದಲ್ಲಾಳಿಗಳೂ ಗಿರಾಕಿಗಳೂ ತುಂಬಿದ್ದರು. ಒಳಗೆ ಬೇಲಿಯ ಪಕ್ಕ ಬೈರ ತಲೆ ತಗ್ಗಿಸಿಕೊಂಡು ನಿಂತಿತ್ತು. ದೊಡ್ಡಸಿದ್ದಯ್ಯ "ಬೈರಾ" ಎಂದ ತಕ್ಷಣ ಕತ್ತು ಹೊರಳಿಸಿ, ಒಳ್ಳೆಯ ಕಣ್ಣಿನಲ್ಲಿ ನೋಡಿ, ಅಂಬಾ ಎಂದು ಕೂಗಿತು. ದೊಡ್ಡಿ ಕಾಯುವ ಚಿಕ್ಕಣ್ಣ ಗೇಟಿನ ಚಿಲಕಕ್ಕೆ ಕೈ ಹಾಕಿದ. ಅಷ್ಟರಲ್ಲಿ ಒಳಗಿನ ಮೇಜಿನಿಂದ, ಸಂತೆಯ ದಿನವೆಂದು ಬಂದು ಕೂತಿದ್ದ ವೆಂಕಟೇಶಮೂರ್ತಿಯವರ ದನಿ ಬಂತು.

"ಚಿಕ್ಕಣ್ಣ, ಪಟ್ಟಿ ತಾಳೆ ನೋಡದೆ ಬಿಡಬೇಡ."

ಯಾರದೋ ದನವನ್ನು ಇನ್ಯಾರೋ ತಮ್ಮದೆಂದು ಹೊಡೆದುಕೊಂಡು ಹೋಗುತ್ತಿದ್ದ ಕಾಟ ತಪ್ಪಲಿ ಎಂದು, ಮೂರು ತಾಲ್ಲೂಕಿನ ದೊಡ್ಡಿಗಳಿಗೆ ಹೊಸ ಕಾನೂನು ಬಂದಿತ್ತು. ಪಟ್ಟಿಗೂ ನಿಂತ ಎತ್ತಿಗೂ ತಾಳೆಯಾದರೆ ಮಾತ್ರ ಹಗ್ಗ ಕೈಗೆ. ವೆಂಕಟೇಶಮೂರ್ತಿ ಬೀರುವಿನಿಂದ ನಕಲು ತೆಗೆದು, ಬೇಲಿಯ ಹತ್ತಿರ ಬಂದು ಓದಿದರು. "ಹಲ್ಲು, ನಾಲ್ಕು." ಚಿಕ್ಕಣ್ಣ ಬೈರನ ಬಾಯಿ ಬಿಡಿಸಿ ಮುಚ್ಚಿದ. "ಕಣ್ಣು, ಎರಡೂ ನಕ್ಷತ್ರ. ಬಾಲ, ನೆಲ ಮುಟ್ಟುತ್ತೆ." ಚಿಕ್ಕಣ್ಣ ಬೈರನ ಮೋಟು ಬಾಲವನ್ನು ಎತ್ತಿ, ಅದಕ್ಕೆ ನಾಚಿಕೆಯಾದೀತೆಂಬಂತೆ ಮೆಲ್ಲಗೆ ಇಳಿಬಿಟ್ಟ.

"ಈ ಎತ್ತು ನಿಮ್ಮದಲ್ಲ ದೊಡ್ಡಸಿದ್ದಯ್ಯನೋರೇ."

"ಏನ್ ಸಾಮಿ ತಮಾಸೆ? ನಾನ್ ಕೂಗುದ್ರೆ ತಿರುಗಿ ನೋಡ್ತಲ್ಲಾ!"

"ತಿರುಗಿ ನೋಡೋದು ಕ್ರಿಯೆ. ಅದಕ್ಕೆ ಮನೆ ಇಲ್ಲ ಅಂತ ನಿಮ್ಮೂರಲ್ಲೇ ಹೇಳಿದ್ದೆ." ವೆಂಕಟೇಶಮೂರ್ತಿ ದೊಡ್ಡಿಯ ಸುತ್ತ ಕಣ್ಣಾಡಿಸಿದರು. ಅವರ ಮುಖ ಅರಳಿತು. "ಅಲ್ಲಿದೆ ನೋಡಿ ನಿಮ್ಮ ಎತ್ತು!"

ಆ ಮೂಲೆಯಲ್ಲಿ ಹೊಸದಾಗಿ ತಂದು ಕಟ್ಟಿದ ಹಳ್ಳಿಕಾರ್ ಎತ್ತೊಂದು ನಿಂತಿತ್ತು. ಬೂದು ಬಿಳುಪು, ಚೆಂದದ ಕೊಂಬು, ನಾಲ್ಕು ಹಲ್ಲು. ಕಣ್ಣು ಎರಡೂ ಫಳಫಳ. ಬಾಲದ ಕುಚ್ಚು ನೆಲ ಗುಡಿಸುತ್ತಿತ್ತು. ಕಾಲು ಕಂಬ, ಸುಳಿ ರಾಜಸುಳಿ. ಮನೆ ಮನೆಗೂ ತಾಳೆ. ಎತ್ತಿನ ಹೆಸರು ಮಾತ್ರ ಉಳಿಯಿತು. ಹೆಸರನ್ನು ಎತ್ತು ತಾನೇ ಹೇಳಲಾರದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ ಎಂದು ಕಾನೂನಿನಲ್ಲೇ ಇತ್ತಂತೆ.

ಚಿಕ್ಕಣ್ಣ ಆ ಎತ್ತಿನ ಹಗ್ಗವನ್ನು ತಂದು ದೊಡ್ಡಸಿದ್ದಯ್ಯನ ಕೈಗಿಟ್ಟ. ನಾಲ್ಕು ತಲೆಮಾರು ಹೇಳಿದ ಸುಳ್ಳಿಗೆ ಮೊದಲ ಸಲ ನಾಲ್ಕು ಕಾಲು ಬಂದು ಕಣ್ಣೆದುರು ನಿಂತಿತ್ತು. ಬೇಲಿಯಾಚೆಯ ದಲ್ಲಾಳಿಗಳು ಬಾಯಿ ಬಿಟ್ಟುಕೊಂಡು ನೋಡಿದರು. "ಅದೃಷ್ಟ ಕಣ್ಲಾ ಸಿದ್ದಾ! ಕೈ ಮುಗ್ದು ವೊಂಟೋಗು, ಇಂದುಕ್ ತಿರುಗ್ಬ್ಯಾಡ!" ಎಂದು ಒಬ್ಬ ಕೂಗಿದ.

ದೊಡ್ಡಸಿದ್ದಯ್ಯ ಆ ಎತ್ತಿನ ಬೆನ್ನು ಸವರಿದ. ಹೆಗಲ ಮೇಲೆ ಉಬ್ಬಿದ ಹಿಣಿಲು ಹಿಡಿದು ನೋಡಿದ. ಅವನ ಕೈ ಬೇಡವೆಂದರೂ ಬೆಲೆ ಕಟ್ಟುತ್ತಿತ್ತು. ಬೈರನ ಕಡೆ ಅವನು ನೋಡಲಿಲ್ಲ. ಹೊಂಬಾಳಮ್ಮ ಅವನ ಮುಂದೆ ಬಂದು ನಿಂತಳು.

"ತಗೊ, ನಿನ್ನ ಬಾಯಿ ಈದಿರೋ ಎತ್ತು. ಕರ್ಕಂಡ್ ನಡಿ. ಮಲ್ಲುನ್ ಪಕ್ಕ ಕಟ್ಟುವಂತೆ."

"ಸುಮ್ಕಿರಮ್ಮಿ, ಜನ ಅವ್ರೆ."

"ಜನ ಇರೋದ್ಕೇ ತಾನೆ ನಿಂಗೆ ಈ ಗತಿ ಬಂದಿರೋದು."

ಅಷ್ಟರಲ್ಲಿ ಗೇಟಿನಲ್ಲಿ ಗಲಾಟೆಯಾಯಿತು. ಕೊತ್ತತ್ತಿಯ ಕೆಂಪಯ್ಯ ಏದುಸಿರು ಬಿಡುತ್ತ ಒಳಗೆ ನುಗ್ಗಿದ. ದಪ್ಪ ಆಸಾಮಿ, ಕಾಲುವೆ ನೀರಿನ ಗದ್ದೆಯವನು. ಅವನ ಎತ್ತು ಮದ್ದೂರಿನ ಹಾದಿಯಲ್ಲಿ ಲಾರಿ ಹಾರನ್ನಿಗೆ ಬೆದರಿ, ಹಗ್ಗ ಕಿತ್ತುಕೊಂಡು ಓಡಿ ದೊಡ್ಡಿಗೆ ಸಿಕ್ಕಿತ್ತು. "ಅಯ್ಯೋ, ನನ್ನೆತ್ತು! ನನ್ನೆತ್ತಿನ ಅಗ್ಗ ನಿನ್ ಕೈಗೆ ಎಂಗ್ಲಾ ಬಂತು?" ಎಂದು ದೊಡ್ಡಸಿದ್ದಯ್ಯನ ಮೇಲೆ ಬಿದ್ದ.

ವೆಂಕಟೇಶಮೂರ್ತಿ ಅವನನ್ನು ತಡೆದು ಅವನ ಪಟ್ಟಿಯನ್ನೂ ತೆಗೆಸಿದರು. ಓದುತ್ತ ಹೋದಂತೆ ಕೆಂಪಯ್ಯನ ದನಿ ಇಳಿಯುತ್ತ ಹೋಯಿತು. ಹಲ್ಲು ಸವೆದಿದೆ. ಒಂದು ಕಣ್ಣು ಇಲ್ಲ. ಬಾಲ ಮೋಟು. ಕಾಲು ಕುಂಟು. ಸುಳಿ ಕೆಟ್ಟದ್ದು. ಐಬು, ಕೇಳಬೇಡಿ. ಒಳ್ಳೆಯ ಎತ್ತು ಎಂದು ಬರೆಸಿದರೆ ಸರ್ಕಾರ ಅದಕ್ಕೆ ತೆರಿಗೆ ಹಾಕುತ್ತದೆ, ಇಲ್ಲವೇ ಹಿಡಿದುಕೊಂಡು ಹೋಗುತ್ತದೆ ಎಂದು ಹೆದರಿ, ಊರಿಗೆ ಬರೆಯಲು ಬಂದವರ ಮುಂದೆ ಅವನು ತನ್ನ ಚಿನ್ನದಂಥ ಎತ್ತಿಗೆ ಇದ್ದಬದ್ದ ರೋಗವನ್ನೆಲ್ಲ ಕಟ್ಟಿ ಬರೆಸಿದ್ದ. ಜಂಬದಿಂದ ಹೇಳಿದ ಸುಳ್ಳು ಒಂದು ಬೀರುವಿನಲ್ಲಿ, ಹೆದರಿಕೆಯಿಂದ ಹೇಳಿದ ಸುಳ್ಳು ಅದರ ಪಕ್ಕದಲ್ಲೇ ಕೂತಿತ್ತು. ಯಂತ್ರ ಎರಡನ್ನೂ ನಂಬಿತ್ತು.

"ತಾಳೆ ಸರಿಯಾಗಿದೆ. ಅಗೋ, ಬೇಲಿ ಪಕ್ಕ ಇರೋದು ನಿಮ್ಮ ಎತ್ತು ಕೆಂಪಯ್ಯನೋರೇ" ಎಂದರು ವೆಂಕಟೇಶಮೂರ್ತಿ. ಅವರ ದನಿಯಲ್ಲಿ ಕೆಡುಕಿರಲಿಲ್ಲ. ಎರಡು ಪಟ್ಟಿಗೂ ಎರಡು ಎತ್ತು ಸಿಕ್ಕಿ, ಲೆಕ್ಕ ಶೇಷವಿಲ್ಲದೆ ಮುಗಿದ ಸಂತೋಷವಿತ್ತು.

ಕೆಂಪಯ್ಯ ಬೈರನನ್ನು ನೋಡಿದ. ಅವನ ಸಿಟ್ಟೆಲ್ಲ ಅದರ ಮೇಲೆ ತಿರುಗಿತು. "ಈ ಮುದಿ ಕುರುಡ್ನ ಕಟ್ಕಂಡು ನಾನೇನ್ ಸಾಮಿ ಮಾಡ್ಲಿ? ಒಂದಿಡಿ ಉಲ್ಲೂ ಆಕಕಿಲ್ಲ. ಆಚೆ ರಸ್ತೇಲಿ ಕಟುಕರ ಲಾರಿ ನಿಂತದೆ, ಕೊಟ್ಟಷ್ಟಕ್ಕೆ ತುಂಬ್ಕೊಟ್ಬುಡ್ತೀನಿ." ಹೇಳಿದವನೇ ಬೈರನ ಮೂಗುದಾರ ಹಿಡಿದು ಜಗ್ಗಿದ. ಕಾಣದ ಕಣ್ಣಿನ ಕಡೆಯಿಂದ ಎಳೆದದ್ದರಿಂದ ಬೈರ ದಿಕ್ಕು ತಪ್ಪಿ, ಬೇಲಿಗೆ ಹಾಯ್ದು, ಮುಂಗಾಲು ಮಡಚಿ ಕುಸಿಯಿತು.

ಹೊಂಬಾಳಮ್ಮ ಕಿರುಚಿದಳು. ದೊಡ್ಡಸಿದ್ದಯ್ಯನ ಕೈಯಿಂದ ಒಳ್ಳೆಯ ಎತ್ತಿನ ಹಗ್ಗ ಜಾರಿತು. ಅವನು ಕೆಂಪಯ್ಯನನ್ನು ಭುಜಕೊಟ್ಟು ನೂಕಿ, ಬೈರನ ಕತ್ತಿಗೆ ಕೈ ಕೊಟ್ಟು ಮೇಲೆಬ್ಬಿಸಿದ.

"ಮುಟ್ಬ್ಯಾಡ ಕಣ್ಲಾ! ಎಡಗಡೆಯಿಂದ ಯಾಕ್ಲಾ ಎಳೀತೀಯ, ಅದ್ಕೆ ಆ ಕಡೆ..." ಎಂದವನು ಅಲ್ಲಿಗೇ ಬಾಯಿ ಕಚ್ಚಿಕೊಂಡ. ನಾಲ್ಕು ತಲೆಮಾರಿನ ಕಟ್ಟಳೆ ಅವನ ಮಾತಿಗೆ ಅಡ್ಡ ಬಂದಿತ್ತು.

"ಆ ಕಡೆ ಏನು?" ಎಂದು ವೆಂಕಟೇಶಮೂರ್ತಿ ಕೇಳಿದರು. ಪಟ್ಟಿಯಿಂದ ತಲೆ ಎತ್ತಿ ಅವರು ಬೈರನನ್ನು ಕಣ್ಣಿಟ್ಟು ನೋಡಿದ್ದು ಅದೇ ಮೊದಲು. ಆ ಬಿಳಿಯ ಕಣ್ಣನ್ನು, ದೊಡ್ಡಸಿದ್ದಯ್ಯನ ಭುಜಕ್ಕೆ ಒತ್ತಿಕೊಂಡ ಅದರ ಮೂತಿಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಇಬ್ಬರನ್ನೂ ಮೇಜಿನ ಹತ್ತಿರ ಕರೆದು ಕಾನೂನು ತಿಳಿಸಿದರು. ಒಮ್ಮೆ ಬರೆಸಿದ ಪಟ್ಟಿಯನ್ನು ತಿದ್ದಬಹುದು. ಆದರೆ ಮಾಲೀಕ ತಾನೇ, ಸಾಕ್ಷಿಗಳ ಮುಂದೆ, ತಪ್ಪಿದ ಒಂದೊಂದು ಮನೆಯನ್ನೂ ಬಾಯಿಬಿಟ್ಟು ಹೇಳಿ ಬರೆಸಬೇಕು. ಹಾಗೆ ಇಬ್ಬರೂ ಬರೆಸಿದರೆ ಅವರವರ ಎತ್ತು ಅವರವರಿಗೆ. ಒಬ್ಬರು ಬರೆಸದಿದ್ದರೂ ಈಗಿನ ತಾಳೆಯೇ ಗಟ್ಟಿ.

ಕೆಂಪಯ್ಯ ಒಂದು ಉಸಿರೂ ತಡೆಯಲಿಲ್ಲ. "ನಂದು ಒಳ್ಳೇ ಎತ್ತು ಸಾಮಿ, ಬರ್ಕಳಿ. ನಾಕಲ್ಲು, ಎಲ್ಡ್ ಕಣ್ಣು, ಉದ್ದ ಬಾಲ. ಎಷ್ಟಾರ ತೆರ್ಗೆ ಆಕಳಿ, ಅತ್ಲಾಗೆ!" ಎಂದು ಮನೆ ಮನೆಯನ್ನೂ ಹೇಳಿ ಹೆಬ್ಬೆಟ್ಟು ಒತ್ತಿಯೇಬಿಟ್ಟ. ತನ್ನ ಎತ್ತನ್ನು ಹೊಗಳುವುದು ಯಾರಿಗೆ ಕಷ್ಟ?

ಈಗ ಎಲ್ಲರ ಕಣ್ಣೂ ದೊಡ್ಡಸಿದ್ದಯ್ಯನ ಮೇಲೆ. ಸಂತೆ ಅರ್ಧ ದೊಡ್ಡಿಯ ಬೇಲಿಗೆ ಬಂದು ಅಂಟಿಕೊಂಡಿತ್ತು. ಅವನ ಎದುರಾಳಿ ದಲ್ಲಾಳಿಗಳೆಲ್ಲ ಅಲ್ಲಿದ್ದರು. ದೊಡ್ಡಸಿದ್ದಯ್ಯನ ಬಾಯಿಂದ ಒಂದು ಐಬು ಹೊರಬಿದ್ದರೆ, ಇನ್ನು ಮೇಲೆ ಅವನು ಸಂತೆಯಲ್ಲಿ 'ನಾಕಲ್ಲು' ಎಂದಾಗಲೆಲ್ಲ ಜನ ಈ ದಿನವನ್ನು ನೆನೆಸಿ ನಗುತ್ತಾರೆ. ಅವನ ಕಸುಬು ಅವತ್ತಿಗೆ ಮುಗಿದಂತೆಯೇ. ಹೇಳದಿದ್ದರೆ ರಸ್ತೆಯಲ್ಲಿ ಲಾರಿ ನಿಂತಿದೆ.

ಅವನು ಬಾಯಿ ತೆರೆದ. ಮುಚ್ಚಿದ. ಟವಲಿನಿಂದ ಮುಖ ಒರೆಸಿಕೊಂಡ. ಮತ್ತೆ ತೆರೆದು, "ಬೈರನ್ದು... ಅದು... ಬಣ್ಣ ಬೂದು" ಎಂದ.

"ಅದು ಮೊದಲೇ ಸರಿ ಇದೆ" ಎಂದರು ವೆಂಕಟೇಶಮೂರ್ತಿ. ಬೇಲಿಯ ಆಚೆ ಯಾರೋ ಕಿಸಕ್ಕೆಂದರು.

"ನೀ ಏಳ್ದಿದ್ರೆ ನಾ ಏಳ್ತೀನಿ" ಎಂದಳು ಹೊಂಬಾಳಮ್ಮ. "ಅದ್ರ ಬಾಯ್ಗೆ ದಿನಾ ನುಚ್ಚು ಬೇಸಿ ಆಕಿ ಸಾಕುದ್ದು ನಾನು."

"ಆಗೋದಿಲ್ಲಮ್ಮ. ಪಟ್ಟಿ ಅವರ ಹೆಸರಲ್ಲಿದೆ" ಎಂದು ಅಧಿಕಾರಿ ಮೆಲ್ಲಗೆ ಹೇಳಿದರು.

ವೆಂಕಟೇಶಮೂರ್ತಿಯವರು ಎಷ್ಟಾದರೂ ಮನುಷ್ಯರು. ಬೆವರಿ ನಿಂತ ಮುದುಕನನ್ನು ನೋಡಿ ಅವರ ಮನಸ್ಸು ಕರಗಿತು. ಬೆಂಗಳೂರಿನ ಗಾಜಿನ ಗೋಡೆಯನ್ನು ನೋಡಿ ಬಂದ ಮೇಲೆ ಮೊದಲ ಬಾರಿಗೆ ಅವರು ಕಾನೂನಿನ ಒಂದು ಮನೆಯನ್ನು ಖಾಲಿ ಬಿಡಲು ಸಿದ್ಧರಾದರು. ಅವನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಹೇಳಿದರು. ನಾನು ಸಾಕ್ಷಿಯೆಂದು ಹತ್ತಿರವೇ ನಿಂತಿದ್ದರಿಂದ ನನಗೂ ಕೇಳಿಸಿತು.

"ದೊಡ್ಡಸಿದ್ದಯ್ಯನೋರೇ, ಇಷ್ಟು ಜನದ ಮುಂದೆ ನಿಮಗೆ ಕಷ್ಟ ಬೇಡ. ಎತ್ತು ಕಣ್ಣೆದುರಿಗೇ ಇದೆ. ಕುರುಡು, ಕುಂಟು, ಮೋಟು, ಮುದಿ. ನಾನೇ ನೋಡಿಕೊಂಡು ಬರೆದುಬಿಡ್ತೀನಿ. ನೀವೇ ಹೇಳಿದಿರಿ ಅಂತ ಹಾಕ್ಕೋತೀನಿ. ನೀವು ಒಳಗೆ ಬಂದು ಸುಮ್ಮನೆ ಒಂದು ಹೆಬ್ಬೆಟ್ಟು ಒತ್ತಿ, ಸಾಕು."

ದೊಡ್ಡಸಿದ್ದಯ್ಯ ತಲೆ ಎತ್ತಿದ. ಆ ನಾಲ್ಕು ಪದಗಳು ಅವನಿಗೆ ಲಾರಿಗಿಂತ ಹೆಚ್ಚಾಗಿ ತಾಗಿದಂತೆ ಕಂಡವು. ಆಸ್ತಿಯಾಗಿ ಬಂದ ಗಂಟಲು ತೆರೆಯಿತು. ಇಡೀ ಸಂತೆಗೆ ಕೇಳುವಂತೆ ಅವನು ಮಾತಾಡಿದ.

"ಬ್ಯಾಡಿ ಸಾಮಿ. ನಿಮ್ಮ ಉಪ್ಕಾರ ನಿಮ್ತಾವ್ಲೇ ಇರ್ಲಿ. ನೀವ್ ಬರುದ್ರೆ ಕುರುಡು, ಕುಂಟು ಅಂತ ಕಸ ಗುಡ್ಸಿ ತಿಪ್ಪೆಗೆ ಆಕ್ದಂಗೆ ನಾಕೇ ಮಾತ್ನಲ್ಲಿ ಮುಗುಸ್ಬುಡ್ತೀರಿ. ನನ್ನೆತ್ತಿನ ಐಬು ಅಂದ್ರೆ ಅಷ್ಟು ಅಗ್ಗ ಅಲ್ಲ. ಲೇ, ಬೇಲೀ ತಾವ ನಿಂತ್ಕಂಡು ಅಲ್ ಕಿರಿಯೋರೆಲ್ಲ ಇತ್ತ ಬನ್ರಲಾ, ಸರ್ಯಾಗಿ ಕೇಳುಸ್ಕಳಿ! ಎಡಗಣ್ಣಿಗೆ ಊ ಬಿದ್ದದೆ. ಎಂಥಾ ಊ ಅಂತೀರಿ, ಮದ್ದೂರು ಮಳವಳ್ಳೀಲಿ ಇಷ್ಟು ಬೆಳ್ಳಗಿರೋ ಊವ ಯಾವನಾರ ತೋರುಸ್ಬುಡ್ಲಿ, ಮೀಸೆ ಬೋಳುಸ್ಕತೀನಿ. ಬಾಲ್ದಲ್ಲಿ ಕುಚ್ಚಿಲ್ಲ. ಏರು ಅತ್ತುವಾಗ ನನ್ ಗಾಡಿ ಚಕ್ರಕ್ಕೇ ಸಿಕ್ಕಿ ಓಯ್ತು, ಆದ್ರೂ ನಿಲ್ನಿಲ್ಲ ಮಗ, ಏರಿನ ಮ್ಯಾಕೆ ಓಗೇ ನಿಂತ್ಕಂಡಿದ್ದು. ಕಾಲ್ ಎಳೀತದೆ, ಊಂ, ಎಳೀತದೆ. ಅಲ್ಲು ಸವ್ದವೆ, ನನ್ ಒಲ್ದ ಉಲ್ಲು ತಿಂದೇ ಸವ್ದಿರೋದು, ಕಂಡೋರ್ದಲ್ಲ. ಸುಳಿ ಕೆಟ್ಟದ್ದು, ಅದ ಕಟ್ಕಂಡೋನು ನಾನು, ಇನ್ನೂ ಬದ್ಕಿ ನಿಂತಿವ್ನಿ ನೋಡ್ಕಳಿ. ಇನ್ನೂ ಅವೆ, ಒಂದೊಂದೇ ಏಳ್ತೀನಿ. ಮನೆ ಸಾಲ್ದಿದ್ರೆ ಕಾಗ್ದ ತಿರುಗ್ಸಿ ಇಂದ್ಗಡೆ ಬರ್ಕಳಿ ಸಾಮಿ. ಒಂದೇ ಒಂದ್ ಮಾತ ನೀವಾಗಿ ಸೇರುಸ್ಬ್ಯಾಡಿ."